ಗೋಡೆ ಕಡೆಯ ಮಗ್ಗುಲು

ಆರೈಕೆ ಮನೆಯ ಮೇಲ್ಮಹಡಿಯಲ್ಲಿ ಮಲಗಿದ್ದವರಿಗೆಲ್ಲ ಆಕೆ ಬರುವುದು ಮೆಟ್ಟಿಲ ಸದ್ದಿನಿಂದಲೇ ತಿಳಿಯುತ್ತಿತ್ತು. ಉಳಿದ ಆಯಾಗಳು ಹತ್ತಿದರೆ ಕೇಳಿಸುವುದು ಚಪ್ಪಲಿಯ ಸದ್ದು. ಆಕೆ ಹತ್ತಿದರೆ ಬೈಗುಳದ ಸದ್ದು. ಕೆಳಗೆ ಕಾವಲುಗಾರನನ್ನು ಬೈದು, ನಡುವಿನ ತಿರುವಿನಲ್ಲಿ ನೀರು ಚೆಲ್ಲಿ ಹೋದ ಕಸ ಗುಡಿಸುವವಳನ್ನು ಬೈದು, ಕೊನೆಯ ಮೆಟ್ಟಿಲಲ್ಲಿ ತನ್ನ ಮಂಡಿಯನ್ನೇ ಬೈದು, ಉಸಿರು ಸರಿಮಾಡಿಕೊಂಡು ಒಳಗೆ ಕಾಲಿಡುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಕಟ್ಟಡದಲ್ಲಿ ಎಲ್ಲರಿಗೂ ಆಕೆ ಸಿಡುಕಮ್ಮ. ಹಾಗೆ ಕರೆದರೆ ಆಕೆಗೆ ಕೋಪವೂ ಬರುತ್ತಿರಲಿಲ್ಲ. ಇದ್ದ ಕೋಪವೆಲ್ಲ ಬೇರೆ ಕಡೆಗೆ ಖರ್ಚಾಗಿ ಹೋಗುತ್ತಿತ್ತು.

ಹಾಸಿಗೆ ಬಿಟ್ಟು ಏಳಲಾರದ ಮುದುಕ ಮುದುಕಿಯರನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಬಂದವಳೇ ತೋಳು ಮೇಲಕ್ಕೆ ಮಡಚಿ, ಬಿಸಿನೀರಿನಲ್ಲಿ ಕೈ ತೊಳೆದು, ಮೊದಲ ಮಂಚದ ಮೇಲುಹಾಸಿನ ಕೆಳಗೆ ಅಂಗೈ ತೂರಿಸುತ್ತಿದ್ದಳು. ಒಂದು ಸುಕ್ಕು ಸಿಕ್ಕಿದರೆ ಸಾಕು, "ಈ ಸುಕ್ಕು ಯಾರಪ್ಪನ ಮನೇದು? ಇದರ ಮೇಲೆ ನೀವು ಮಲಗಿ ನೋಡಿ ಒಂದು ರಾತ್ರಿ!" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗುವಳು. ಬಿಸ್ಕತ್ತಿನ ಒಂದು ಚೂರು ಸಿಕ್ಕಿದರೆ ಅದನ್ನು ಕಳ್ಳಮಾಲಿನಂತೆ ಎತ್ತಿ ತೋರಿಸುವಳು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡುವಳು. ಆಮೇಲೆ ಒಬ್ಬೊಬ್ಬರನ್ನೂ ಮಗ್ಗುಲು ತಿರುಗಿಸಿ ಸೊಂಟ, ಬೆನ್ನಬುಡ, ಭುಜ, ಮೂಳೆ ಎದ್ದು ಕಾಣುವ ಕಡೆಯಲ್ಲೆಲ್ಲ ಕಣ್ಣಾಡಿಸುವಳು. ಎಲ್ಲಾದರೂ ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡುವಳು. ಒತ್ತಿದಲ್ಲಿ ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ಒಂದು "ಹೂಂ". ಒತ್ತಿದರೂ ಬೆಳ್ಳಗಾಗದೆ ಕೆಂಪು ಹಾಗೇ ಕೂತಿದ್ದರೆ, ಆ ದಿನ ಆ ಮಹಡಿಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

"ಏನೇ, ಬೆಳಗ್ಗೆ ಬೆಳಗ್ಗೆ ಗಂಡನ ಹತ್ರ ಜಗಳ ಆಡ್ಕೊಂಡು ಬಂದ್ಯಾ?" ಎಂದು ಬಾಗಿಲ ಪಕ್ಕದ ಮಂಚದ ಅಜ್ಜಿ ಕೆಣಕುತ್ತಿದ್ದಳು.

"ಗಂಡ ಹೋಗಿ ಎಷ್ಟು ಕಾಲ ಆಯ್ತಜ್ಜಿ! ಅವನಿದ್ದಿದ್ರೆ ನಿಮ್ಮ ಪಾಲಿಗೆ ಸ್ವಲ್ಪ ಕಡಿಮೆ ಬೀಳ್ತಿತ್ತು. ತಿರುಗಿ ಈ ಕಡೆ. ಬಾಯಿ ಆಮೇಲೆ, ಮೊದಲು ಬೆನ್ನು."

ಈ ವಿದ್ಯೆಯನ್ನು ಸಿಡುಕಮ್ಮನಿಗೆ ಕಲಿಸಿದವಳು ಅವಳ ಅತ್ತೆ, ಕಲಿಸಬೇಕೆಂದು ಕಲಿಸಿದ್ದಲ್ಲ. ಮದುವೆಯಾಗಿ ಹೊಸ್ತಿಲು ದಾಟಿದಂದಿನಿಂದ ಅತ್ತೆಗೂ ಸೊಸೆಗೂ ಎಣ್ಣೆ ಸೀಗೆಕಾಯಿ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ, ಲಾರಿ ಓಡಿಸುತ್ತಿದ್ದ ಗಂಡ ಊರೂರು ತಿರುಗುವುದನ್ನು ಇನ್ನಷ್ಟು ಹೆಚ್ಚು ಮಾಡಿದ. ಮನೆಯಲ್ಲಿ ಉಳಿದವರು ಇಬ್ಬರೇ. ಕೆಲವು ದಿನ ಕಳೆದ ಮೇಲೆ ಅತ್ತೆಯ ಬೆನ್ನಬುಡದಲ್ಲಿ ಕೆಂಪು ಕಾಣಿಸಿತು. ಸೊಸೆ ತನಗೆ ತಿಳಿದ ಮಟ್ಟಿಗೆ ಎಣ್ಣೆ ಹಚ್ಚಿ ಗಸಗಸನೆ ಉಜ್ಜಿದಳು. ಕೆಂಪು ಹೆಚ್ಚಾಯಿತು, ಇನ್ನಷ್ಟು ಉಜ್ಜಿದಳು. ಒಂದು ಬೆಳಗ್ಗೆ ಚರ್ಮ ಕಿತ್ತು ಎಣ್ಣೆಯ ಜೊತೆ ಕೈಗೆ ಬಂತು. ಮನೆಮನೆಗೆ ಬರುತ್ತಿದ್ದ ಸರ್ಕಾರಿ ದಾದಿ ಅದನ್ನು ನೋಡಿ ಕೆಂಡವಾದಳು.

"ಅದೇನು ತಳ ಹಿಡಿದ ಪಾತ್ರೆನಾ ತಿಕ್ಕೋಕೆ? ಒಳಗಿನಿಂದ ಮೂಳೆ ಒತ್ತುತ್ತೆ, ಹೊರಗಿನಿಂದ ಹಾಸಿಗೆ ಒತ್ತುತ್ತೆ, ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹೋಗಲ್ಲ. ಮೊದಲೇ ನುಜ್ಜಾಗಿರೋದನ್ನ ನೀನು ಬೇರೆ ಅರೀತೀಯ! ಉಜ್ಜಬೇಡ. ಭಾರ ತೆಗಿ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸು. ಒದ್ದೆ ಬಿಡಬೇಡ. ಅಷ್ಟು ಮಾಡಿದ್ರೆ ನಿನ್ನ ಪುಣ್ಯ."

ಅಂದಿನಿಂದ ಸೊಸೆ ಮಗ್ಗುಲು ಬದಲಾಯಿಸಿದ್ದೇ ಬದಲಾಯಿಸಿದ್ದು. ಪ್ರತಿಸಲವೂ ಅತ್ತೆ, "ಕೊಲ್ಲೋಕೇ ಬಂದಿದ್ದೀಯ ನೀನು" ಎನ್ನುವಳು. ಪ್ರತಿಸಲವೂ ಸೊಸೆ, "ಕೊಲ್ಲೋದಿದ್ರೆ ತಿರುಗಿಸದೇ ಬಿಡ್ತಿದ್ದೆ ಅತ್ತೆ, ಅದು ಇದಕ್ಕಿಂತ ಸುಲಭ" ಎನ್ನುವಳು. ಹುಣ್ಣು ಮಾಯಿತು. ಮನಸ್ಸು ಮಾಯಲಿಲ್ಲ. ಅತ್ತೆ ಕಣ್ಣು ಮುಚ್ಚುವವರೆಗೆ ಇಬ್ಬರ ನಡುವೆ ಒಂದು ಒಳ್ಳೆಯ ಮಾತು ಹುಟ್ಟಲಿಲ್ಲ. ಕೊನೆಯ ಸ್ನಾನ ಮಾಡಿಸಿದ ನೆರೆಯ ಹೆಂಗಸರು, ಇಷ್ಟು ವರ್ಷ ಮಲಗಿದ್ದವಳ ಬೆನ್ನು ಎಳೆಮಗುವಿನ ಬೆನ್ನಿನಂತಿದೆ ಎಂದು ಬೆರಗಾದರು. ಅತ್ತೆಯನ್ನು ತಾನು ಒಂದು ದಿನವೂ ಪ್ರೀತಿಸಲಿಲ್ಲವೆಂದು ಸಿಡುಕಮ್ಮ ಆಮೇಲೂ ಎಲ್ಲರ ಮುಂದೆ ಹೇಳುತ್ತಿದ್ದಳು. ಪ್ರೀತಿ ಬೇರೆ, ಮಗ್ಗುಲು ಬೇರೆ ಎಂಬುದು ಆಕೆಯ ಗಟ್ಟಿ ನಂಬಿಕೆ. ಆ ನಂಬಿಕೆಯ ಬಲದಿಂದಲೇ ಆಕೆ ಆರೈಕೆ ಮನೆಗೆ ಕೆಲಸಕ್ಕೆ ಸೇರಿದ್ದು. ಸೇರಿದ ಮೇಲೆ ಆಕೆಯ ಕೈಕೆಳಗೆ ಮಲಗಿದ ಒಬ್ಬರಿಗೂ ಹಾಸಿಗೆ ಹುಣ್ಣು ಆಗಿರಲಿಲ್ಲ. ಅದೊಂದೇ ಆಕೆಯ ಜಂಬ. ಬೇರೆ ಜಂಬಪಡಲು ಆಕೆಗೆ ಏನೂ ಇರಲಿಲ್ಲ.

ಆ ಜಂಬಕ್ಕೆ ಏಟು ಬಿದ್ದದ್ದು ಪಡಸಾಲೆಯ ಕೊನೆಯ ಕೋಣೆಯಲ್ಲಿ.

ಅಲ್ಲಿ ಇದ್ದವರು ಇಬ್ಬರು. ಗೋಡೆಗೆ ಅಂಟಿದ ಮಂಚದಲ್ಲಿ ಒಬ್ಬ ಟೈಲರ್ ಮಾಸ್ತರು; ಕಿಟಕಿಯ ಪಕ್ಕದ ಮಂಚದಲ್ಲಿ ಅವರ ಹೆಂಡತಿಯ ತಮ್ಮ, ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮಾಸ್ತರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಾಸ್ತರು ಅಂಗಡಿಯ ಅಟ್ಟದ ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದ ಕೆಳಗೆ ಅವರಿಗೆ ನೋವೂ ತಿಳಿಯುತ್ತಿರಲಿಲ್ಲ, ಸುಖವೂ ತಿಳಿಯುತ್ತಿರಲಿಲ್ಲ. ಕಂಡಕ್ಟರು ಕೋಲು ಹಿಡಿದು ಓಡಾಡುತ್ತಿದ್ದರು, ನಡುನಡುವೆ ತಲೆಸುತ್ತು. ಮಾಸ್ತರ ಮಗಳಿಗೆ ಇಬ್ಬರನ್ನೂ ನೋಡಿಕೊಳ್ಳುವ ಹೊಣೆ ಇದ್ದುದರಿಂದ, ಅಪ್ಪನೂ ಮಾಮನೂ ಒಂದೇ ಕೋಣೆಯಲ್ಲಿದ್ದರೆ ಮಾತಿಗೆ ಜೊತೆಯಾಗುತ್ತದೆಂದು ಸೇರಿಸಿಬಿಟ್ಟಿದ್ದಳು. ಇಬ್ಬರೂ ಮಾತು ಬಿಟ್ಟು ಅರ್ಧ ಆಯುಷ್ಯ ಕಳೆದಿದೆ ಎಂಬುದು ಅವಳಿಗೆ ಗೊತ್ತಿತ್ತು. ವಯಸ್ಸಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು, ಪಾಪ.

ಜಗಳದ ಬೇರು ಒಂದು ಬಸ್ಸಿನಲ್ಲಿತ್ತು. ಬಾಮೈದನ ಬಸ್ಸಿಗೆ ಟಿಕೆಟ್ ಏಕೆ ಎಂದು ಮಾಸ್ತರು ಹೊಸ ಷರಟು ತೊಟ್ಟು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದರು. ಕಂಡಕ್ಟರು ತುಂಬಿದ ಬಸ್ಸಿನಲ್ಲಿ, "ಟಿಕೆಟ್ ತಗೊಳ್ಳಿ, ಇಲ್ಲ ಇಳೀರಿ" ಎಂದು ಹೇಳಿ, ಅವರು ಇಳಿಯದಿದ್ದಾಗ ಸೀಟಿ ಊದಿ, ನಡುದಾರಿಯಲ್ಲಿ ಅಕ್ಕನ ಗಂಡನನ್ನು ಇಳಿಸಿಯೇ ಬಿಟ್ಟಿದ್ದರು. ಜೊತೆಯಲ್ಲೇ ಕೂತಿದ್ದ ಅಕ್ಕ ತಾನಾಗಿ ಇಳಿದು ಗಂಡನ ಹಿಂದೆ ನಡೆದಳು. ನಡುದಾರಿಯಲ್ಲಿ ಬಿಟ್ಟವನ ಮುಖ ಇನ್ನು ನೋಡೆನೆಂದು ಮಾಸ್ತರು ಆ ದಿನ ಆಡಿದ ಮಾತನ್ನು ಹೆಂಡತಿಯ ಸಾವಿನ ಮನೆಯಲ್ಲೂ ಮುರಿದಿರಲಿಲ್ಲ.

ಈಗ ಮಂಚದಲ್ಲಿ ಮಲಗಿದ ಮೇಲೂ ಮಾಸ್ತರು ಆ ಮಾತನ್ನು ನಡೆಸಿಕೊಂಡರು. ಎಡ ಮಗ್ಗುಲಿಗೆ ಮಲಗಿದರೆ ಮುಖದ ಮುಂದೆ ಗೋಡೆ. ಬಲ ಮಗ್ಗುಲಿಗೆ ಮಲಗಿದರೆ ಮುಖದ ಮುಂದೆ ಕಂಡಕ್ಟರು. ಹೀಗಾಗಿ ಅವರಿಗೆ ಇದ್ದದ್ದು ಒಂದೇ ಮಗ್ಗುಲು. ಸಿಡುಕಮ್ಮ ಎಷ್ಟು ಸಲ ಬಲಕ್ಕೆ ತಿರುಗಿಸಿದರೂ, ಅವಳು ಬಾಗಿಲು ದಾಟುವುದರೊಳಗೆ ಗೋಡೆ ಕಡೆಯ ಸರಳು ಹಿಡಿದು, ಕತ್ತರಿ ಹಿಡಿದು ಗಟ್ಟಿಯಾದ ಕೈಗಳಿಂದ ಮೈಯನ್ನು ಮತ್ತೆ ಎಡಕ್ಕೆ ಎಳೆದುಕೊಳ್ಳುತ್ತಿದ್ದರು.

ಒಂದು ದಿನ ಮಾತಿಗೆ ಮಾತು ಬೆಳೆಯಿತು.

"ಬಟ್ಟೆ ಮಡಚೋಕೆ ಬರದವಳು ಮನುಷ್ಯನ್ನ ಏನು ತಿರುಗಿಸ್ತೀಯ? ಕೈನಾ ಅದು, ಕರಗಸನಾ?" ಎಂದು ಮಾಸ್ತರು ಅರಚಿದರು.

"ನಿಮ್ಮ ಮೈ ಏನು ರೇಷ್ಮೆ ಅಂದ್ಕೊಂಡ್ರಾ ಮಾಸ್ತರೇ? ತಿರುಗಿ ಸುಮ್ನೆ!"

ಮಾಸ್ತರು ತಲೆಯ ಬಳಿಯಿದ್ದ ನೀರಿನ ಲೋಟ ಎತ್ತಿ ಬೀಸಿದರು. ಅದು ಸಿಡುಕಮ್ಮನ ಹುಬ್ಬಿಗೆ ತಗಲಿತು. ಕಿಟಕಿಯ ಕಡೆಯಿಂದ ಕಂಡಕ್ಟರು, "ಗುರಿ ಪರವಾಗಿಲ್ಲ" ಎಂದರು. ಸಿಡುಕಮ್ಮ ಹುಬ್ಬು ಒರೆಸಿಕೊಂಡಳು. "ಇವತ್ತಿಂದ ನಿಮ್ಮ ಮೈಗೆ ನನ್ನ ಕೈ ತಗಲಿದ್ರೆ ಕೇಳಿ. ಬಿದ್ದಿರಿ ಹಾಗೇ" ಎಂದು ಹೇಳಿ ಹೊರಟಳು. ಕೊನೆಯ ಕೋಣೆಯನ್ನು ತನ್ನ ಜೊತೆಗಾರ್ತಿಗೆ ಒಪ್ಪಿಸಿದಳು.

ಆ ಜೊತೆಗಾರ್ತಿ ಮೆದು ಸ್ವಭಾವದ ನಡುವಯಸ್ಸಿನ ಹೆಂಗಸು. ಮಾಸ್ತರು "ಬೇಡಮ್ಮಾ" ಎಂದರೆ ಅವಳು, "ಆಗಲಿ ಬಿಡಿ ಯಜಮಾನ್ರೆ, ಹಿರಿಯರು, ನಿಮಗೆ ಹೇಗೆ ಹಿತವೋ ಹಾಗೆ" ಎನ್ನುವಳು. ಅಪ್ಪನ ಸೊಂಟ ಕೆಂಪಾಗಿದೆ ಎಂದು ಕೇಳಿದ ಮಗಳು ಗಾಳಿ ತುಂಬಿದ, ನಡುವೆ ತೂತಿರುವ ದುಂಡು ದಿಂಬೊಂದನ್ನು ತಂದುಕೊಟ್ಟಳು. ಮೆದು ಹೆಂಗಸು ಅದನ್ನು ಭಕ್ತಿಯಿಂದ ಮಾಸ್ತರ ಎಡ ಸೊಂಟದ ಕೆಳಗೆ ಇಟ್ಟಳು. ದಿಂಬಿನ ಅಂಚು ಸುತ್ತಲಿಂದ ಒತ್ತಿ, ನಡುವಿನ ಮಾಂಸಕ್ಕೆ ಬರುತ್ತಿದ್ದ ಅಷ್ಟಿಷ್ಟು ರಕ್ತವನ್ನೂ ತಡೆಯಿತು. ಮಾಸ್ತರಿಗೆ ನೋವು ತಿಳಿಯುತ್ತಿರಲಿಲ್ಲ. ಸಿಡುಕಮ್ಮ ಆ ಬಾಗಿಲ ಮುಂದೆ ದಿನವೂ ಹಾಯುತ್ತಿದ್ದಳು. ಗೋಡೆಗೆ ಮುಖ ಮಾಡಿದ ಆ ಬೆನ್ನು ದಿನವೂ ಕಾಣುತ್ತಿತ್ತು. ಕರೆಯಲಿ, ಆಗ ನೋಡೋಣ ಎಂದು ಮೂತಿ ತಿರುಗಿಸಿಕೊಂಡು ಹೋಗುತ್ತಿದ್ದಳು.

ಕರೆದವನು ಬಟ್ಟೆ ಒಗೆಯುವವನು. ತಾರಸಿಯ ಮೇಲೆ ಮೇಲುಹಾಸುಗಳನ್ನು ಬಿಡಿಸಿ ಹರವುತ್ತಿದ್ದವನು, ಆಕೆ ಕಂಡ ಕೂಡಲೇ, "ಅಕ್ಕಾ, ಇಲ್ಲಿ ಬಾ. ಇದು ಯಾರ ಹಾಸಿಗೇದು? ಎಷ್ಟು ಒಗೆದ್ರೂ ಹೋಗ್ತಿಲ್ಲ" ಎಂದ. ಬಿಳಿ ಬಟ್ಟೆಯ ನಡುವೆ ಹಳದಿ, ಅದರ ನಡುವೆ ಕಂದು. ಆಕೆ ಬಟ್ಟೆಯನ್ನು ಮೂಗಿನ ಹತ್ತಿರ ತಂದು ನೋಡಿದಳು. ಒಗೆದ ಮೇಲೂ ಉಳಿದಿದ್ದ ಆ ವಾಸನೆ ಏನೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಮಂಡಿಯನ್ನು ಬೈಯುವುದನ್ನೂ ಮರೆತು ಮೆಟ್ಟಿಲಿಳಿದು ಕೊನೆಯ ಕೋಣೆಗೆ ನುಗ್ಗಿದಳು.

ದುಂಡು ದಿಂಬು ತೆಗೆದು ನೋಡಿದಾಗ ಮಾಸ್ತರ ಸೊಂಟದಲ್ಲಿ ಒಂದು ಬಾಯಿ ತೆರೆದಿತ್ತು. ಅಂಚು ಕಪ್ಪು, ಒಳಗೆ ಹಳದಿ.

ಸಿಸ್ಟರ್ ಓಡಿ ಬಂದಳು. ಸಂಜೆ ಡಾಕ್ಟರು ಬಂದರು. ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಉಪ್ಪುನೀರಿನಿಂದ ತೊಳೆದು, ಡಾಕ್ಟರು ಹೊರಗೆ ಬಂದು ಹೇಳಿದರು: "ಮೂಳೆ ಮುಟ್ಟೋದಕ್ಕೆ ಕಾಗದದಷ್ಟು ಉಳಿದಿದೆ. ಅದಕ್ಕೆ ನಂಜು ಇಳಿದ್ರೆ ಈ ವಯಸ್ಸಿಗೆ ಅವರನ್ನ ಉಳಿಸೋಕಾಗಲ್ಲ. ಔಷಧಿ ನಾನು ಕೊಡ್ತೀನಿ, ಆದರೆ ಔಷಧಿ ಅರ್ಧ ಕೆಲಸಾನೂ ಮಾಡಲ್ಲ. ಆ ಎಡ ಸೊಂಟ ಹಾಸಿಗೆ ಮುಟ್ಟಲೇಬಾರದು. ಬೆನ್ನಬುಡಾನೂ ಕೆಂಪಾಗಿದೆ, ಅಂಗಾತ ಹೆಚ್ಚು ಹೊತ್ತು ಬೇಡ. ಬಲ ಮಗ್ಗುಲೇ ಗತಿ."

ಮೆದು ಹೆಂಗಸು ಅಳತೊಡಗಿದಳು. ಸಿಡುಕಮ್ಮ, "ಅಳೋದು ಆಮೇಲೆ. ನೀನು ಮೆತ್ತಗಿದ್ದು ಕೆಡಿಸಿದೆ, ನಾನು ಸೆಟೆದು ಕೆಡಿಸಿದೆ. ಹೋಗಿ ಮೊಟ್ಟೆ ಬೇಯಿಸ್ಕೊಂಡು ಬಾ, ಹಾಲು ತಾ. ಹೊಟ್ಟೆಗೆ ಗಟ್ಟಿಯಾಗಿ ಬೀಳದೆ ಮಾಂಸ ಎಲ್ಲಿಂದ ಬೆಳೆಯುತ್ತೆ?" ಎಂದು ಗದರಿ ಕಳಿಸಿದಳು. ಆಮೇಲೆ ಮಾಸ್ತರ ತಲೆಯ ಬಳಿ ನಿಂತಳು.

"ಮಾಸ್ತರೇ, ನಾನು ಮುನಿಸಿಕೊಂಡು ಕೈಬಿಟ್ಟಿದ್ದು ತಪ್ಪು. ಲೋಟ ಎಸೆದಿದ್ದು ನಿಮ್ಮ ತಪ್ಪು. ಅದಕ್ಕೂ ಇದಕ್ಕೂ ಸರಿಹೋಯ್ತು. ಈಗ ಬಲಕ್ಕೆ ತಿರುಗಿ."

"ಸತ್ರೂ ತಿರುಗಲ್ಲ. ಆ ಮನುಷ್ಯ ಇದ್ದಾನೆ ಅಲ್ಲಿ."

"ಸತ್ರೂ ಅಲ್ಲ, ತಿರುಗದಿದ್ರೆ ಸಾಯ್ತೀರಿ. ಕೇಳಿಸ್ತಾ?"

"ಕೇಳಿಸ್ತು. ತಿರುಗಲ್ಲ."

ಕಂಡಕ್ಟರು ಕಿಟಕಿಯ ಹೊರಗೆ ನೋಡುತ್ತಲೇ, "ನನಗೇನೂ ಆ ಮುಖ ನೋಡೋ ಆಸೆ ಇಲ್ಲ, ಹೇಳ್ಬಿಡು ಅವನಿಗೆ" ಎಂದರು.

ಕೋಣೆ ಬದಲಿಸಿಕೊಡಿ ಎಂದು ಸಿಡುಕಮ್ಮ ಮೇಲ್ವಿಚಾರಕಿಯ ಬಳಿ ಜಗಳವಾಡಿದಳು. ಹೆಂಗಸರ ಕೋಣೆಯಲ್ಲಲ್ಲದೆ ಬೇರೆಲ್ಲೂ ಮಂಚ ಖಾಲಿಯಿರಲಿಲ್ಲ. ಎರಡು ಮಂಚಗಳ ನಡುವೆ ಪರದೆ ಕಟ್ಟಿಸಿದಳು. ಮಾಸ್ತರು ಬಲಕ್ಕೇನೋ ತಿರುಗಿದರು, ಆದರೆ ಪರದೆಯ ಕೆಳಗಿನ ಅಂಚನ್ನು ನೋಡಿ, "ಇದನ್ನ ಹೊಲಿದವನು ಯಾರು? ಕುಡಿದು ಹೊಲಿದಿದ್ದಾನಾ?" ಎಂದು ಗೊಣಗಲು ಶುರುಮಾಡಿದರು. ಅದನ್ನಾದರೂ ಸಹಿಸಬಹುದಿತ್ತು. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಪರದೆ ಗಾಳಿಯನ್ನೆಲ್ಲ ತಡೆದು, ಮಧ್ಯಾಹ್ನದ ಹೊತ್ತಿಗೆ ಮಾಸ್ತರ ಬೆನ್ನು ಬೆವರಿನಲ್ಲಿ ನೆನೆದು ಹೋಯಿತು. ಹುಣ್ಣಿನ ಪಟ್ಟಿ ಅಂಚಿನಿಂದ ಬಿಟ್ಟುಕೊಂಡಿತು. ಒದ್ದೆ ಚರ್ಮ ನೆನೆದ ರೊಟ್ಟಿಯಂತೆ ಎಂದು ಆಕೆಗೆ ಗೊತ್ತು. ಕಟ್ಟಿಸಿದ ಪರದೆಯನ್ನು ತಾನೇ ಕಿತ್ತೆಸೆದಳು.

ಮರುದಿನ ಮಗಳು ಬಂದಳು. ಅವಳಿಗೆ ಬೇರೆಯೇ ಉಪಾಯ ಹೊಳೆದಿತ್ತು. ಅಪ್ಪನ ಕೈಯನ್ನು ಒಂದು ಕೈಯಲ್ಲಿ ಹಿಡಿದು, ಮಾಮನನ್ನು ಇನ್ನೊಂದು ಕೈಯಿಂದ ಎಳೆದುಕೊಂಡು, "ಅಮ್ಮನ ಮೇಲಾಣೆ, ಇಬ್ರೂ ಇವತ್ತು ಮಾತಾಡ್ಲೇಬೇಕು. ಅಪ್ಪಾ, ಮಾಮನ ಕೈ ಹಿಡ್ಕೋ" ಎಂದಳು.

ಮಾಸ್ತರು ಕಣ್ಣು ಮುಚ್ಚಿ ಕೈ ಮುಷ್ಟಿ ಕಟ್ಟಿದರು. ಕಂಡಕ್ಟರು, "ಬಿಡೇ ಹುಡುಗಿ. ನನ್ನ ಅಕ್ಕ ಆವತ್ತು ಅವನ ಹಿಂದೆ ಬಿಸಿಲಲ್ಲಿ ನಡೆದುಹೋದಳು. ಒಂದು ಟಿಕೆಟ್ ತಗೊಂಡಿದ್ರೆ ಏನಾಗ್ತಿತ್ತು ಈ ಮಹಾರಾಜನಿಗೆ?" ಎಂದು ಹಲ್ಲು ಕಡಿದರು.

"ಅಕ್ಕನ ಗಂಡ ಅನ್ನೋ ಮರ್ಯಾದೆ ಇತ್ತಾ ಅವನಿಗೆ, ಕೇಳು!"

"ಕೆಲಸದಲ್ಲಿ ಭಾವ ಇಲ್ಲ, ಬಾಮೈದ ಇಲ್ಲ. ಹೇಳು ಅವನಿಗೆ!"

ಮಗಳು ಕೂತು ಅತ್ತಳು. ಅವಳ ಕೈ ಎಳೆದಾಟದಲ್ಲಿ ಮಾಸ್ತರು ಮತ್ತೆ ಎಡಕ್ಕೆ ಜಾರಿ, ಪಟ್ಟಿಯ ಮೇಲೆ ಕೆಂಪು ಒಸರಿತ್ತು. ಬಾಗಿಲಲ್ಲಿ ಕಾಣಿಸಿಕೊಂಡ ಸಿಡುಕಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

"ಏನಮ್ಮ ಇದು ನಿನ್ನ ಸಂಧಾನ? ಇವರಿಬ್ರು ಒಂದಾಗ್ಲಿ ಅಂತ ಕಾದ್ರೆ ನಿಮ್ಮಪ್ಪನ ಮೂಳೆ ಕಾಯಲ್ಲ. ದ್ವೇಷ ಮಾಡ್ಕೊಳ್ಳಿ, ಸಾಯೋವರೆಗೂ ಮಾಡ್ಕೊಳ್ಳಿ, ನನಗೇನು? ನನಗೆ ಬೇಕಾಗಿರೋದು ಈ ಸೊಂಟ ಗಾಳಿಯಲ್ಲಿರೋದು!" ಎಂದು ಆಕೆ ಮಗಳನ್ನು ಹೊರಗೆ ಕಳಿಸಿದಳು. ಹಾಸಿನ ಎರಡು ತುದಿ ಮೆದು ಹೆಂಗಸಿನ ಕೈಗೆ ಕೊಟ್ಟು, ಎರಡು ತುದಿ ತಾನು ಹಿಡಿದು, ಮಾಸ್ತರನ್ನು ಎಳೆಯದೆ ಎತ್ತಿ ಬಲಕ್ಕೆ ತಿರುಗಿಸಿದಳು. ಮಾಸ್ತರು ಸರಳು ಹಿಡಿದರು. ಆಕೆ ಬೆರಳು ಬಿಡಿಸಿದಳು. ಮತ್ತೆ ಹಿಡಿದರು. ಮತ್ತೆ ಬಿಡಿಸಿದಳು. ಇಬ್ಬರ ಉಸಿರೂ ಏರಿತು.

ಆಗ ಕಂಡಕ್ಟರು ಕೋಲನ್ನು ನೆಲಕ್ಕೆ ಕುಟ್ಟಿದರು.

"ಅಯ್ಯೋ, ಏನು ಜನಾನಪ್ಪಾ! ಹುಣ್ಣಿನ ವಾಸನೆ ಒಂದು ಕಡೆ, ನಿಮ್ಮ ಕುಸ್ತಿ ಇನ್ನೊಂದು ಕಡೆ. ಅವನ ತಲೆ ಇರೋ ಕಡೆ ಕಾಲು ಹಾಕಿ, ಕಾಲಿರೋ ಕಡೆ ತಲೆ ಹಾಕಿ! ಕೊನೇ ಸ್ಟಾಪಿನಲ್ಲಿ ಬಸ್ಸು ತಿರುಗಿಸಲ್ವಾ, ಹಾಗೆ. ಆಗ ಬಲಕ್ಕೆ ಮಲಗಿದ್ರೂ ಅವನ ಮೂತಿ ಗೋಡೆಗೇ. ನನಗೂ ಅವನ ಮುಖದ ಕಾಟ ತಪ್ಪುತ್ತೆ."

ಸಿಡುಕಮ್ಮ ಕೈ ನಿಲ್ಲಿಸಿದಳು. ಮಂಚ ನೋಡಿದಳು, ಗೋಡೆ ನೋಡಿದಳು, ಮನಸ್ಸಿನಲ್ಲೇ ಮಾಸ್ತರನ್ನು ತಿರುಗಿಸಿ ಮಲಗಿಸಿ ನೋಡಿದಳು. ಸರಿಯಿತ್ತು. ಕಾಲಿನ ಕಡೆ ತಲೆ ಇಟ್ಟರೆ ಬಲ ಮಗ್ಗುಲೇ ಗೋಡೆ ಕಡೆಯ ಮಗ್ಗುಲು. ಕರೆಗಂಟೆಯ ಗುಂಡಿ ಇರುವ ಕಡೆಗೇ ತಲೆ ಎಂದು ಆ ಮನೆಯಲ್ಲಿ ಮೊದಲಿನಿಂದ ನಡೆದು ಬಂದದ್ದು. ಅದನ್ನು ಮೀರಬಹುದೆಂದು ಆಕೆಗೂ ಹೊಳೆದಿರಲಿಲ್ಲ, ಸಿಸ್ಟರಿಗೂ ಹೊಳೆದಿರಲಿಲ್ಲ. ಬೇರೆ ಯಾರು ಹೇಳಿದ್ದರೂ ಸಂತೋಷವಾಗುತ್ತಿತ್ತೇನೋ; ಈ ಮನುಷ್ಯನ ಬಾಯಿಂದ ಬಂದದ್ದು ಆಕೆಗೆ ಹಿಡಿಸಲಿಲ್ಲ.

"ಇಷ್ಟು ದಿನ ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ರಾ?" ಎಂದಳು.

"ನನ್ನ ಯಾರು ಕೇಳಿದ್ರು?"

ಅವತ್ತೇ ಮಾಸ್ತರ ತಲೆ ದಿಕ್ಕು ಬದಲಾಯಿಸಿತು. ಬಲ ಮಗ್ಗುಲಿಗೆ ಮಲಗಿ, ಬೆನ್ನಿಗೆ ದಿಂಬು ಆನಿಸಿಕೊಂಡು, ಮಂಡಿಗಳ ನಡುವೆ ಇನ್ನೊಂದು ದಿಂಬು ಇಡಿಸಿಕೊಂಡು, ಅವರು ಗೋಡೆಯನ್ನು ನೋಡಿದರು. ಸುಣ್ಣ ಬಳಿದ ಅದೇ ಗೋಡೆ. ಒಂದು ದೊಡ್ಡ ಉಸಿರು ಬಿಟ್ಟು ಸರಳು ಬಿಟ್ಟರು.

ಆದರೆ ಕರೆಗಂಟೆ ಈಗ ಮಾಸ್ತರ ಪಾದದ ಕಡೆಗೆ ಉಳಿಯಿತು. ಅದು ಕೈಗೆ ಎಟುಕುತ್ತಿದ್ದುದು ಕಂಡಕ್ಟರಿಗೆ ಮಾತ್ರ. ಇಡೀ ದಿನ ಅವರ ಕಣ್ಣೆದುರು ಇದ್ದದ್ದು ಆ ಬೆನ್ನು ಒಂದೇ. ದಿಂಬು ಜಾರಿ ಮಾಸ್ತರು ನಿದ್ದೆಯಲ್ಲಿ ಒಂದಿಷ್ಟು ಹಿಂದಕ್ಕೆ ವಾಲಿದರೂ ಸಾಕು, ಗಂಟೆ ಕಿರುಚುತ್ತಿತ್ತು. ಸಿಡುಕಮ್ಮ ಓಡಿಬಂದರೆ ಕಂಡಕ್ಟರು, "ಜಾರಿದ ನೋಡು ನಿನ್ನ ಮಹಾರಾಜ! ಎತ್ತಿ ಸರಿಮಾಡು" ಎನ್ನುವರು. ಹಾಲು ಕುಡಿಯದೆ ಬಿಟ್ಟರೆ ಗಂಟೆ. ಮೊಟ್ಟೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಗಂಟೆ. ಮೇಲುಹಾಸು ಒದ್ದೆಯಾದರೆ ಎರಡು ಸಲ ಗಂಟೆ.

"ಭಾವನ ಮೇಲೆ ಅಷ್ಟೊಂದು ಕಾಳಜಿನಾ ಕಂಡಕ್ಟರ್ರೇ?" ಎಂದು ಸಿಡುಕಮ್ಮ ಒಮ್ಮೆ ಚುಚ್ಚಿದಳು.

"ಕಾಳಜಿಯಂತೆ ಕಾಳಜಿ! ಇವನು ಹೋದ್ರೆ ಈ ಮಂಚಕ್ಕೆ ಗೊರಕೆ ಹೊಡೆಯೋನು ಯಾವನಾದ್ರೂ ಬಂದು ಬೀಳ್ತಾನೆ. ಇವನು ಗೊರಕೆ ಹೊಡೆಯಲ್ಲ. ಅದೊಂದೇ ಒಳ್ಳೇ ಗುಣ."

"ಚಾಡಿಕೋರ" ಎಂದು ಗೋಡೆಯ ಕಡೆಯಿಂದ ಧ್ವನಿ ಬಂತು.

"ಯಾರು ಮಾತಾಡಿದ್ದು? ನನಗೇನೂ ಕೇಳಿಸ್ಲಿಲ್ಲ" ಎಂದು ಕಿಟಕಿಯ ಕಡೆಯಿಂದ ಧ್ವನಿ ಹೋಯಿತು.

ಹುಣ್ಣು ಮಾಯಲು ಬಹಳ ಕಾಲ ಹಿಡಿಯಿತು. ಸಿಸ್ಟರ್ ಪಟ್ಟಿ ಬಿಚ್ಚಿ ತೊಳೆಯುವಾಗ ಸಿಡುಕಮ್ಮ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುವಳು. ಮೊದಮೊದಲು ಹಳದಿ, ಆಮೇಲೆ ಅಲ್ಲಲ್ಲಿ ಕೆಂಪು, ಆಮೇಲೆ ದಾಳಿಂಬೆ ಕಾಳಿನಂಥ ಹೊಸ ಮಾಂಸ. ಒಂದು ವಾರ ಜ್ವರ ಬಂದು ಎಲ್ಲರ ಜೀವ ಬಾಯಿಗೆ ಬಂತು. ಆ ವಾರ ಸಿಡುಕಮ್ಮ ಮನೆಗೆ ಹೋಗಿ ಬರುವುದನ್ನೇ ಬಿಟ್ಟು, ಪಡಸಾಲೆಯ ಬೆಂಚಿನಲ್ಲೇ ತಲೆಯಾನಿಸಿ, ಎದುರಿಗೆ ಬಂದವರನ್ನೆಲ್ಲ ಹರಿದು ತಿಂದಳು. ಜ್ವರ ಇಳಿಯಿತು.

"ಇಷ್ಟು ದಿನ ಯಾಕೆ ಎಳೀಬೇಕು? ಅಂಚು ಎರಡೂ ಸೇರಿಸಿ ಹೊಲಿಗೆ ಹಾಕಿಬಿಡಬಾರದಾ?" ಎಂದು ಮಾಸ್ತರು ಒಂದು ದಿನ ಗೋಡೆಗೆ ಮುಖ ಮಾಡಿಯೇ ಕೇಳಿದರು.

"ಮೇಲೆ ಹೊಲಿದ್ರೆ ಒಳಗೆ ಕೊಳೆಯುತ್ತೆ ಮಾಸ್ತರೇ. ಇದು ತಳದಿಂದ ತುಂಬ್ಕೊಂಡು ಬರಬೇಕು. ಅಂಚಿನಿಂದ ಎಳೆ ಎಳೆಯಾಗಿ ಕೂಡ್ಕೋಬೇಕು."

"ಹಾಗಾದ್ರೆ ಇದು ರಫೂ ಕೆಲಸ, ಹರಿದಲ್ಲಿ ಎಳೆ ನೇಯ್ದು ತುಂಬೋದು. ಹೊಲಿಗೆ ಅಲ್ಲ."

"ರಫೂನೋ ಪಫೂನೋ. ನೀವು ಅಲುಗಾಡದೆ ಬಿದ್ದಿದ್ರೆ ಸಾಕು."

"ರಫೂ ಮಾಡುವಾಗ ಬಟ್ಟೆ ಎಳೆದ್ರೆ ಎಲ್ಲ ಹೋಯ್ತು" ಎಂದು ಮಾಸ್ತರು ತಮಗೆ ತಾವೇ ಹೇಳಿಕೊಂಡರು. ಆ ದಿನದಿಂದ ಅವರು ಸರಳಿಗೆ ಕೈಹಾಕಲಿಲ್ಲ. ಸಿಡುಕಮ್ಮನ ಕೈ ಕರಗಸವೆಂದು ಹೇಳುವುದನ್ನು ಮಾತ್ರ ಬಿಡಲಿಲ್ಲ.

ಕೊನೆಗೊಂದು ಬೆಳಗ್ಗೆ ಡಾಕ್ಟರು ಪಟ್ಟಿ ತೆಗೆದು ಇನ್ನು ಪಟ್ಟಿ ಬೇಡವೆಂದರು. ಹುಣ್ಣು ಇದ್ದಲ್ಲಿ ತೆಳ್ಳಗೆ ಹೊಳೆಯುವ, ನಸುಗೆಂಪು ಚರ್ಮ ಕೂಡಿಕೊಂಡಿತ್ತು. ಆಗಾಗ ಸ್ವಲ್ಪ ಹೊತ್ತು ಎಡಕ್ಕೂ ಮಲಗಿಸಿ ನೋಡಿ, ಬಲ ಸೊಂಟಕ್ಕೂ ಬಿಡುವು ಬೇಕು, ಆದರೆ ಹುಷಾರು ಎಂದು ಹೇಳಿ ಅವರು ಕೆಳಗಿಳಿದರು. ಸಿಡುಕಮ್ಮ ಆ ಹೊಸ ಚರ್ಮದ ಅಂಚಿನ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟಳು. ಬೆಳ್ಳಗಾಯಿತು, ಮತ್ತೆ ಕೆಂಪೇರಿತು. "ಹೂಂ" ಎಂದಳು. ಆ ಒಂದು ಅಕ್ಷರದಲ್ಲಿ ಎಷ್ಟು ದಿನಗಳ ಉಸಿರು ಇತ್ತೋ!

"ಹಾಗಾದ್ರೆ ಎಡಕ್ಕೆ ಮಲಗಿಸು. ಹುಟ್ಟಿದಾಗಿನಿಂದ ನನಗೆ ಎಡ ಮಗ್ಗುಲಲ್ಲೇ ನಿದ್ದೆ ಬರೋದು" ಎಂದರು ಮಾಸ್ತರು.

"ಮಲಗಿಸ್ತೀನಿ. ಮುಖ ಈಗ ಕಿಟಕಿ ಕಡೆ ಬರುತ್ತೆ, ಗೊತ್ತಲ್ಲ?"

"ತಲೆ ಮೊದಲಿನ ಕಡೆ ಹಾಕು."

"ಇಷ್ಟು ಹೊತ್ತಿಗೋಸ್ಕರ ನಿಮ್ಮನ್ನ ಬುಗುರಿ ಥರ ತಿರುಗಿಸೋಕೆ ನನ್ನ ಸೊಂಟಕ್ಕೆ ಶಕ್ತಿ ಇಲ್ಲ. ಹೊಸ ಚರ್ಮಕ್ಕೂ ಆ ಎಳೆದಾಟ ಬೇಡ. ಹೀಗೇ ಎಡಕ್ಕೆ, ಇಲ್ಲ ಹೀಗೇ ಬಲಕ್ಕೆ. ಬೇಗ ಹೇಳಿ, ಅಜ್ಜಿ ಕಾಯ್ತಿದ್ದಾಳೆ."

ಮಾಸ್ತರು ಗೋಡೆಯನ್ನು ನೋಡಿದರು. ಬಲ ಸೊಂಟದಲ್ಲೂ ಸಣ್ಣಗೆ ಕೆಂಪು ಕಾಣಿಸಿದೆ ಎಂದು ಬೆಳಗ್ಗೆಯೇ ಆಕೆ ಹೇಳಿದ್ದಳು. ಹರಿದ ಬಟ್ಟೆಯ ಪಕ್ಕದಲ್ಲೇ ಇನ್ನೊಂದು ಹರಕು ಬಿಡುವುದು ಯಾವ ಟೈಲರಿಗೂ ಒಪ್ಪುವ ಮಾತಲ್ಲ.

"ತಿರುಗಿಸು" ಎಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಸಿಡುಕಮ್ಮನೂ ಮೆದು ಹೆಂಗಸೂ ಹಾಸು ಹಿಡಿದು ಅವರನ್ನು ಎತ್ತಿ, ನಿಧಾನವಾಗಿ ಎಡ ಮಗ್ಗುಲಿಗೆ ಇಳಿಸಿದರು. ದಿಂಬು ಆನಿಸಿದರು. ಸುಕ್ಕು ನೇವರಿಸಿ ತೆಗೆದರು. ಅಷ್ಟು ಹೊತ್ತು ಕಣ್ಣು ಮುಚ್ಚಿಯೇ ಇದ್ದ ಮಾಸ್ತರು, ಕಿಟಕಿಯ ಗಾಳಿ ಮುಖಕ್ಕೆ ಬಡಿದಾಗ ಒಂದು ಕಣ್ಣು ತೆರೆದರು. ಎದುರಿನ ಮಂಚದಲ್ಲಿ ಕಂಡಕ್ಟರು ಕೋಲಿನ ಮೇಲೆ ಗಲ್ಲವೂರಿ ನೇರವಾಗಿ ಅವರನ್ನೇ ನೋಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು.

"ನಿನ್ನ ಬೆನ್ನೇ ವಾಸಿ ಇತ್ತು" ಎಂದರು ಕಂಡಕ್ಟರು.

"ಎಷ್ಟು ಮುದಿಯಾಗಿದ್ದಾನೆ ನೋಡು ಈ ಕೋತಿ! ಕಾಲರ್ ಒಂದು ಕಡೆ, ಕತ್ತು ಒಂದು ಕಡೆ. ಯಾವ ದರಿದ್ರದವನು ಹೊಲಿದ ಅಂಗಿ ಅದು?"

"ನಿನ್ನ ಹತ್ರ ಹೊಲಿಸಿದ್ರೆ ಉಸಿರು ಕಟ್ಟಿ ಸಾಯ್ತಿದ್ದೆ. ಸಾಕಲ್ಲ, ಅಳತೆ ತೆಗೆಯೋಕೆ ಬಂದ ದೊಡ್ಡ ಟೈಲರ್!"

"ಏಯ್, ಇವಳೇ! ತಿರುಗಿಸು ನನ್ನ ಆ ಕಡೆ! ಸಾಕು ಎಡ ಮಗ್ಗುಲು!"

ಸಿಡುಕಮ್ಮ ಆಗಲೇ ಬಾಗಿಲಲ್ಲಿದ್ದಳು. ಗೋಡೆಯ ಗಡಿಯಾರದತ್ತ ಕತ್ತೆತ್ತಿದಳು.

"ಇನ್ನೂ ಹೊತ್ತಾಗಿಲ್ಲ" ಎಂದು ಹೇಳಿ, ಅಜ್ಜಿಯ ಮಂಚದ ಕಡೆಗೆ ನಡೆದಳು.